ಡಬ್ಬಿಯ ಎಂಜಿನ್ ಎರಡೇ ಸುತ್ತಿಗೆ ನಿಲ್ಲುವುದೇಕೆ?

ಪ್ರಶ್ನೆ: ತಗಡಿನ ಡಬ್ಬಿ, ಬಲೂನು, ತಂತಿ ಬಳಸಿ ಸ್ಟರ್ಲಿಂಗ್ ಎಂಜಿನ್ (ಒಳಗಿನ ಗಾಳಿ ಕಾದು ಹಿಗ್ಗಿ, ತಣಿದು ಕುಗ್ಗಿ ಚಕ್ರ ತಿರುಗಿಸುವ ಎಂಜಿನ್) ಮಾಡಿದ್ದೇನೆ. ಕೆಳಗೆ ಮೇಣದಬತ್ತಿ, ಮೇಲೆ ತಣ್ಣೀರು. ಚಕ್ರ ಎರಡು ಸುತ್ತು ತಿರುಗಿ ನಿಲ್ಲುತ್ತದೆ. ಇನ್ನೊಂದು ಬತ್ತಿ ಹಚ್ಚಿದರೂ ಅಷ್ಟೇ. ತಪ್ಪು ಎಲ್ಲಿದೆ?

ಉತ್ತರ: ಬೆಂಕಿ ಸಾಕು, ತಪ್ಪು ಅಲ್ಲಿಲ್ಲ. ಇಷ್ಟು ಪುಟ್ಟ ಎಂಜಿನ್‌ನಿಂದ ಹುಟ್ಟುವ ಶಕ್ತಿ ಒಂದು ವಾಟ್‌ಗಿಂತ ಬಹಳ ಕಡಿಮೆ. ಗಾಳಿ ಸೋರಿದರೆ, ತಂತಿ ಉಜ್ಜಿದರೆ ಅಷ್ಟೂ ಅಲ್ಲೇ ಮುಗಿಯುತ್ತದೆ.

ಮೊದಲು ಚಕ್ರವನ್ನು ಉಲ್ಟಾ ತಿರುಗಿಸಿ ನೋಡಿ. ಡಬ್ಬಿಯೊಳಗೆ ಗಾಳಿಯನ್ನು ಮೇಲೆ ಕೆಳಗೆ ತಳ್ಳುವ ಡಿಸ್‌ಪ್ಲೇಸರ್, ಬಲೂನಿಗಿಂತ 90 ಡಿಗ್ರಿ ಮುಂದೆ ಸಾಗಬೇಕು. ಹಿಂದೆ ಬಿದ್ದರೆ ಎಂಜಿನ್ ತನ್ನನ್ನು ತಾನೇ ತಡೆಯುತ್ತದೆ. ಎಷ್ಟೋ ಎಂಜಿನ್‌ಗಳು ಇಷ್ಟಕ್ಕೇ ಓಡಲು ಶುರುಮಾಡುತ್ತವೆ.

ಆಗಲೂ ಓಡದಿದ್ದರೆ ಬಲೂನನ್ನು, ಚಕ್ರ ತಿರುಗಿಸುವ ಬಾಗಿದ ತಂತಿ ಅಂದರೆ ಕ್ರ್ಯಾಂಕ್‌ನಿಂದ ಕಳಚಿ. ಚಕ್ರ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲಬೇಕು. ಡಿಸ್‌ಪ್ಲೇಸರ್ ಭಾರಕ್ಕೆ ಒಂದೇ ಕಡೆ ಜಾರುತ್ತಿದ್ದರೆ ಎದುರು ಬದಿಗೆ ಒಂದೆರಡು ನಟ್ಟು ಅಂಟಿಸಿ. ಆಮೇಲೆ ಡಬ್ಬಿಯ ಅಂಚು, ಬಲೂನಿನ ಕುತ್ತಿಗೆ, ತಂತಿ ಹಾಯುವ ತೂತಿಗೆ ಸೋಪಿನ ನೀರು ಹಚ್ಚಿ, ಕೊಳವೆಯಿಂದ ಡಬ್ಬಿಯೊಳಕ್ಕೆ ಮೆಲ್ಲಗೆ ಊದಿ. ಗುಳ್ಳೆ ಎದ್ದ ಕಡೆಯೇ ಸೋರಿಕೆ. ತಂತಿಯ ತೂತಿಗೆ ಒಂದು ಹನಿ ತೆಳು ಎಣ್ಣೆ ಬಿಡಿ. ಬಲೂನು ಬಿಗಿಯಾಗಿ ಎಳೆದಿರಬಾರದು, ಸಡಿಲವಾಗಿ ಉಬ್ಬಿ ತಗ್ಗುವಂತಿರಲಿ.

ಡಿಸ್‌ಪ್ಲೇಸರ್ ಪಿಸ್ಟನ್ ಅಲ್ಲ, ಅದು ಬಿಗಿಯಾಗಿ ಕೂರಬಾರದು. ಸುತ್ತಲೂ 2-3 ಮಿ.ಮೀ. ಜಾಗ ಬೇಕು. ಅದನ್ನು ಸ್ಟೀಲ್ ಉಣ್ಣೆಯಿಂದ ಮಾಡಿದರೆ ಇನ್ನೂ ಒಳ್ಳೆಯದು: ಮೇಲೇರುವ ಗಾಳಿ ತನ್ನ ಬಿಸಿಯನ್ನು ಎಳೆಗಳಲ್ಲಿ ಬಿಟ್ಟು ಹೋಗಿ, ಇಳಿಯುವಾಗ ವಾಪಸ್ ಪಡೆಯುತ್ತದೆ. ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಸ್ಟರ್ಲಿಂಗ್ 1816ರಲ್ಲಿ ಪಡೆದ ಪೇಟೆಂಟಿನ ಜೀವಾಳವೇ ಈ ಉಳಿತಾಯ. ಓಡಿ ಸ್ವಲ್ಪ ಹೊತ್ತಿಗೆ ನಿಧಾನವಾದರೆ ಮೇಲಿನ ನೀರು ಬಿಸಿಯಾಗಿದೆ ಎಂದರ್ಥ, ಬದಲಾಯಿಸಿ.

ಪ್ರಶ್ನೆ: ಸೈಕಲ್ ತುಳಿದು 12 ವೋಲ್ಟ್ ಬ್ಯಾಟರಿ ಚಾರ್ಜ್ ಮಾಡಲು ಕಾರಿನ ಆಲ್ಟರ್ನೇಟರ್ ಆಗುತ್ತದೆಯೇ?

ಉತ್ತರ: ಬೇಡ. ಸಾಮಾನ್ಯರು ಗಂಟೆಗಟ್ಟಲೆ ತುಳಿದು ಕೊಡಬಲ್ಲದ್ದು 75ರಿಂದ 100 ವಾಟ್. ಆಲ್ಟರ್ನೇಟರ್ ತನ್ನೊಳಗೆ ಅಯಸ್ಕಾಂತ ಶಕ್ತಿ ಹುಟ್ಟಿಸುವ ಫೀಲ್ಡ್ ಕಾಯಿಲ್‌ಗೇ ಅದರಲ್ಲಿ ದೊಡ್ಡ ಪಾಲು ತಿನ್ನುತ್ತದೆ. ಶಾಶ್ವತ ಅಯಸ್ಕಾಂತದ 24 ವೋಲ್ಟ್ ಡಿ.ಸಿ. ಮೋಟಾರು ತನ್ನಿ, ತಿರುಗಿಸಿದರೆ ಅದೇ ವಿದ್ಯುತ್ ಕೊಡುತ್ತದೆ. 660 ಮಿ.ಮೀ. ಚಕ್ರಕ್ಕೆ 50 ಮಿ.ಮೀ. ರೋಲರ್ ಒತ್ತಿದರೆ ಒಂದಕ್ಕೆ ಹದಿಮೂರು ಸುತ್ತು. ನಿಮಿಷಕ್ಕೆ 60 ಸಲ ಪೆಡಲ್ ತುಳಿದು, ಚೈನಿನಲ್ಲಿ ಎರಡೂವರೆ ಪಟ್ಟು ವೇಗ ಏರಿದರೆ, ಮೋಟಾರು 1,950 ಸುತ್ತು ತಲುಪುತ್ತದೆ. 2,700 ಸುತ್ತಿಗೆ 24 ವೋಲ್ಟ್‌ನ ಮೋಟಾರಾದರೆ, 12 ವೋಲ್ಟ್ ಬ್ಯಾಟರಿ ತುಂಬಲು ಇಷ್ಟು ಸಾಕು. ಪಾಸಿಟಿವ್ ತಂತಿಯಲ್ಲಿ, ವಿದ್ಯುತ್ತನ್ನು ಒಂದೇ ಕಡೆಗೆ ಹರಿಯಬಿಡುವ ಡಯೋಡ್ ಮರೆಯಬೇಡಿ, ಇಲ್ಲದಿದ್ದರೆ ಕಾಲು ನಿಂತೊಡನೆ ಬ್ಯಾಟರಿಯೇ ಚಕ್ರ ತಿರುಗಿಸಲು ಶುರುಮಾಡುತ್ತದೆ.