ಸಬಾರೊ ಎಲ್ಲಿ ಹೋಯಿತು?

ಆತ್ಮೀಯರೇ,

ನಿಮ್ಮ ಲೇಖನ ‘ಕಾಡಿನಿಂದ ಮರಳಿದ ಮಕ್ಕಳು’ ಓದಿದೆ. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದ ಮಾಂಡಿಂಕಾ ಜನರ ನಡುವೆ, ಸುನ್ನತಿ ಮತ್ತು ಕಾಡಿನೊಳಗಿನ ದೀಕ್ಷೆ ಮುಗಿಸಿ ಬರುವ ಹುಡುಗರನ್ನು ವಾದ್ಯ, ಕುಣಿತಗಳಿಂದ ಎದುರುಗೊಳ್ಳುವ ವಿಷಯ ಕನ್ನಡಕ್ಕೆ ಬರಬೇಕಾದದ್ದೇ. ಗುಂಪಿನೊಳಗೆ ತಾಯಿ ತನ್ನ ಮಗನ ಮುಖ ಹುಡುಕುವ ಸಾಲು ಚೆನ್ನಾಗಿದೆ. ಆದರೆ ಲೇಖನವನ್ನು ಹೀಗೇ ಅಚ್ಚು ಹಾಕಲಾರೆ.

ಮೊದಲ ಪುಟದಲ್ಲೇ ‘ಆದಿಮ’, ‘ನಿಗೂಢ’, ‘ರೋಮಾಂಚಕ’ ಸಾಲುಗಟ್ಟಿವೆ. ವಾದ್ಯದ ಸರದಿ ಬಂದಾಗ ಮಾತ್ರ ‘ಡ್ರಮ್ಮುಗಳು ಮೊಳಗಿದವು’ ಎಂದು ಕೈತೊಳೆದುಕೊಂಡಿದ್ದೀರಿ. ಯಾವ ಡ್ರಮ್ಮು? ಡೊಳ್ಳು, ತಮಟೆ, ನಗಾರಿಗಳನ್ನೆಲ್ಲ ಯಾರಾದರೂ ‘ಚರ್ಮವಾದ್ಯ’ ಎಂದು ಒಂದೇ ಮೂಟೆ ಕಟ್ಟಿದರೆ ಜಗಳಕ್ಕೆ ನಿಲ್ಲುವವರು ನೀವೇ.

ಮಾಂಡಿಂಕಾ ಮೇಳದಲ್ಲಿ ಮೂರು ಡ್ರಮ್ಮುಗಳು. ಚಿಕ್ಕದು ಕುಟಿರಿಂಡಿಂಗೊ, ದೊಡ್ಡದು ಕುಟಿರಿಬಾ. ಒಂದರ ಪೆಟ್ಟಿನ ಸಂದಿಯಲ್ಲಿ ಇನ್ನೊಂದರ ಪೆಟ್ಟು ಬಿದ್ದು ಲಯ ಹೆಣೆಯುತ್ತದೆ. ಮೂರನೆಯದು ಉದ್ದನೆಯ ಸಬಾರೊ. ಮೇಳದ ಮುಂದಾಳು ಅದೇ, ನಿಮ್ಮಲ್ಲಿ ಕಾಣೆಯಾಗಿರುವುದೂ ಅದೇ. ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಗೈ: ನುಡಿಸುವ ಕ್ರಮ ಇದು. ನೀವು ಹೆಸರಿಸಿದ ಒಂದೇ ಒಂದು ಡ್ರಮ್ಮು ಜೆಂಬೆ, ಅದಕ್ಕೆ ಎರಡೂ ಬರಿಗೈ. ಗಿನಿ ದೇಶದ ಮಲಿಂಕೆ ಜನ ಸುನ್ನತಿಯ ಸಂಭ್ರಮಕ್ಕೆ ಜೆಂಬೆಯಲ್ಲಿ ನುಡಿಸುವ ಲಯಕ್ಕೆ ‘ಸೋಲಿ’ ಎಂಬ ಹೆಸರೇ ಇದೆ. ಅದನ್ನು ಬರೆಯುವ ಆಸೆಯಿದ್ದರೆ ಗಿನಿಗೇ ಹೋಗಿ, ಎರಡನ್ನೂ ಕಲಸಬೇಡಿ.

ಕೋರಾವನ್ನೂ ಮೆರವಣಿಗೆಗೆ ಎಳೆದಿದ್ದೀರಿ. ಸೋರೆಬುರುಡೆಗೆ ಚರ್ಮ ಬಿಗಿದು 21 ತಂತಿ ಕಟ್ಟಿದ ಆ ವಾದ್ಯ, ವಂಶಾವಳಿ ಹಾಡುವ ಜಾಲಿ ಮನೆತನಗಳದು. ಅಷ್ಟು ಗದ್ದಲದಲ್ಲಿ ಅದು ಯಾರಿಗೆ ಕೇಳಿಸೀತು?

ಕಂಕುರಾಂಗ್ ಅನ್ನು ‘ಭಯಂಕರ ಭೂತ’ ಎಂದದ್ದು ನನಗೆ ಒಪ್ಪಿಗೆಯಿಲ್ಲ. ಫಾರಾ ಮರದ ಕೆಂಪು ನಾರು ತೊಟ್ಟು, ಎರಡು ಮಚ್ಚು ಹಿಡಿದು ಕೂಗುತ್ತ ಬರುವ ಈ ವೇಷ ಹೆದರಿಸುತ್ತದೆ, ನಿಜ. ಆದರೆ ಅದು ಬರುವುದು ದುಷ್ಟಶಕ್ತಿಗಳಿಂದ ಹುಡುಗರನ್ನು ಕಾಯಲು. ಯುನೆಸ್ಕೊ 2005ರಲ್ಲೇ ಈ ಆಚರಣೆಯನ್ನು ಮನುಕುಲದ ಅಮೂರ್ತ ಪರಂಪರೆಯ ಮೇರುಕೃತಿಗಳಲ್ಲೊಂದೆಂದು ಘೋಷಿಸಿತು. ನಗರಗಳು ಬೆಳೆದು ದೀಕ್ಷೆಯ ಪವಿತ್ರ ಕಾಡುಗಳು ಕರಗುತ್ತಿರುವುದರಿಂದ ಅದಕ್ಕೆ ಕುತ್ತು ಬಂದಿದೆ. ನಿಮ್ಮಲ್ಲಿ ಈ ಬಗ್ಗೆ ಒಂದಕ್ಷರವಿಲ್ಲ.

ಕಾಡಿನೊಳಗಿನ ಉಪದೇಶವನ್ನು ಕಣ್ಣಾರೆ ಕಂಡಂತೆ ವರ್ಣಿಸಿದ ಎರಡು ಪ್ಯಾರಾಗಳನ್ನು ಪೂರ್ತಿ ಹೊಡೆದುಹಾಕಿ. ದೀಕ್ಷೆ ಪಡೆಯದವರಿಗೆ ಹೇಳದ ಗುಟ್ಟು ನಿಮಗೆ ಯಾರು ಹೇಳಿದರು ಸ್ವಾಮಿ? ಹುಡುಗರು ಊರೊಳಗೆ ಕಾಲಿಡುವಲ್ಲಿಂದ ಶುರುಮಾಡಿ, ಸಬಾರೊ ನುಡಿಸುವವನ ಪಕ್ಕದಲ್ಲೇ ನಿಲ್ಲಿ. ಅರ್ಧದಷ್ಟು ಉದ್ದ ಸಾಕು. ತಿದ್ದಿದ ಪ್ರತಿ ಬಂದರೆ ಖಂಡಿತ ಓದುತ್ತೇನೆ.

— ಸಂಪಾದಕ