ಸಂಪಾದಕರ ಉತ್ತರ: ಆರು ಮಕ್ಕಳು, ಒಂದು ತಾರಸಿ, ಬೇಸಿಗೆಯ ರಜೆ

ದಾವಣಗೆರೆಯ ಓದುಗರೊಬ್ಬರು ಬರೆದಿರುವ ಪತ್ರದ ಸಾರಾಂಶ ಇಷ್ಟು. ಅವರಿಗೆ ಹನ್ನೊಂದು ಮತ್ತು ಆರು ವರ್ಷದ ಇಬ್ಬರು ಮಕ್ಕಳು. ರಜೆ ಶುರುವಾದಂದಿನಿಂದ ಅಕ್ಕಪಕ್ಕದ ಮನೆಗಳ ನಾಲ್ವರು ಮಕ್ಕಳೂ ಇವರಲ್ಲಿಗೆ ಬರುತ್ತಾರೆ. ಅವರಲ್ಲಿ ಒಬ್ಬ ಹುಡುಗನಿಗೆ ಉಬ್ಬಸದ ತೊಂದರೆ. ಮನೆ ಮಹಡಿಯ ಮೇಲಿದೆ, ಎದುರಿನ ರಸ್ತೆಯಲ್ಲಿ ವಾಹನಗಳ ಓಡಾಟ ನಿಲ್ಲುವುದಿಲ್ಲ, ಮೈದಾನ ದೂರ. ದುಡ್ಡು ಕೊಟ್ಟು ತಂದ ಆಟಿಕೆಗಳೆಲ್ಲ ಮೂಲೆ ಸೇರಿವೆ. ಆಟ ಶುರುವಾಗಿ ಕಾಲು ಗಂಟೆಯಾಗುವಷ್ಟರಲ್ಲಿ ಜಗಳ, ಜಗಳದ ಬೆನ್ನಿಗೇ ಮೊಬೈಲು. ಈ ಮಕ್ಕಳೆಲ್ಲ ಒಟ್ಟಿಗೆ ಆಡಬಹುದಾದ ಖರ್ಚಿಲ್ಲದ ಆಟಗಳನ್ನು ತಿಳಿಸಬೇಕೆಂದೂ, ಅವುಗಳಿಂದ ಬುದ್ಧಿ ಬೆಳೆಯುವಂತಿದ್ದರೆ ಇನ್ನೂ ಒಳ್ಳೆಯದೆಂದೂ, ಏಕೆಂದರೆ ರಜೆಯಲ್ಲೂ ಅಬ್ಯಾಕಸ್ ತರಗತಿಗೆ ಸೇರಿಸುವಂತೆ ಮನೆಯ ಹಿರಿಯರು ಒತ್ತಾಯಿಸುತ್ತಿದ್ದಾರೆಂದೂ ಅವರು ಬರೆದಿದ್ದಾರೆ.

ಮಾನ್ಯರೆ,

ನಿಮ್ಮ ಪತ್ರದ ಕೊನೆಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಆಟದಿಂದ ಬುದ್ಧಿ ಬೆಳೆಯುತ್ತದೆಯೇ ಎಂದರೆ ಬೆಳೆಯುತ್ತದೆ. ಆದರೆ ಅದನ್ನೇ ಗುರಿಯಾಗಿಟ್ಟುಕೊಂಡು ನೀವು ಆಟವನ್ನು ಆರಿಸಲು ಹೊರಟರೆ ಮಕ್ಕಳಿಗೆ ಅದು ಎರಡೇ ದಿನದಲ್ಲಿ ಇನ್ನೊಂದು ತರಗತಿಯಾಗಿಬಿಡುತ್ತದೆ, ಅವರು ಎದ್ದುಹೋಗುತ್ತಾರೆ. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ವಿಶ್ರಾಂತಿ, ಬಿಡುವು ಮತ್ತು ಆಟವನ್ನು ಮಗುವಿನ ಹಕ್ಕು ಎಂದೇ ಹೇಳಿದೆ. ಭಾರತ 1992ರಲ್ಲಿ ಆ ಒಡಂಬಡಿಕೆಯನ್ನು ಒಪ್ಪಿಕೊಂಡಿದೆ. ಮಗು ಏನನ್ನಾದರೂ ಕಲಿಯಲಿ ಎಂಬ ಷರತ್ತಿನ ಮೇಲೆ ಕೊಟ್ಟ ಹಕ್ಕಲ್ಲ ಅದು. ಹಿರಿಯರಿಗೆ ಕಾನೂನಿನ ಮಾತು ರುಚಿಸದಿದ್ದರೆ, ಅವರು ತಮ್ಮ ಬಾಲ್ಯದ ರಜೆಗಳನ್ನು ಹೇಗೆ ಕಳೆದರು ಎಂದು ಮಕ್ಕಳ ಎದುರಿಗೇ ಕೇಳಿನೋಡಿ. ಅಬ್ಯಾಕಸ್ ಮಾತು ಅಲ್ಲಿಗೇ ನಿಂತು, ನಿಮಗೆ ಬೇಕಾದ ಆಟಗಳ ಅರ್ಧದಷ್ಟು ಅವರ ಬಾಯಿಂದಲೇ ಸಿಕ್ಕೀತು.

ಇನ್ನು ಆಟಗಳ ವಿಷಯ. ನಿಮ್ಮಲ್ಲಿ ಇರುವುದು ಆರು ಮಕ್ಕಳು, ವಯಸ್ಸಿನಲ್ಲಿ ಐದು ವರ್ಷಗಳ ಅಂತರ, ಓಡುವುದಕ್ಕೆ ಜಾಗವಿಲ್ಲ, ಮಧ್ಯಾಹ್ನದ ಬಿಸಿಲಿನಲ್ಲಿ ತಾರಸಿಯ ಮೇಲೆ ಕಾಲಿಡುವಂತಿಲ್ಲ. ಇಂಥ ಪರಿಸ್ಥಿತಿಗೆ ನನ್ನ ಮೊದಲ ಸಲಹೆ ಚೌಕಾಬಾರ. ನೆಲದ ಮೇಲೆ ಸೀಮೆಸುಣ್ಣದಿಂದ ಉದ್ದಕ್ಕೆ ಐದು, ಅಗಲಕ್ಕೆ ಐದು, ಒಟ್ಟು ಇಪ್ಪತ್ತೈದು ಮನೆಗಳನ್ನು ಬರೆಯಿರಿ. ನಾಲ್ಕೂ ಬದಿಗಳ ನಡುವಿನ ಮನೆಗೆ ಮತ್ತು ಮಧ್ಯದ ಮನೆಗೆ ಅಡ್ಡಗೀಟು ಹಾಕಿರಿ. ಗೀಟು ಹಾಕಿದ ಈ ಮನೆಗಳೇ ಕಟ್ಟೆ. ಒಂದೊಂದು ಬದಿಯ ಕಟ್ಟೆ ಒಬ್ಬೊಬ್ಬ ಆಟಗಾರನದು; ಅಲ್ಲಿಂದ ಹೊರಟ ನಾಲ್ಕು ಕಾಯಿಗಳು ಹೊರಸುತ್ತಿನ ಹದಿನಾರು ಮನೆಗಳನ್ನು ಎಡಸುತ್ತಾಗಿ ದಾಟಿ, ಒಳಸುತ್ತಿನ ಎಂಟು ಮನೆಗಳನ್ನು ಬಲಸುತ್ತಾಗಿ ದಾಟಿ, ನಡುಮನೆ ಸೇರಿ ಹಣ್ಣಾಗಬೇಕು. ನಾಲ್ಕು ಕವಡೆಗಳನ್ನು ಚೆಲ್ಲಿದಾಗ ಎಷ್ಟು ಅಂಗಾತ ಬೀಳುತ್ತವೆಯೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಈ ಎರಡರಲ್ಲಿ ಯಾವುದು ಬಿದ್ದರೂ ಮತ್ತೊಂದು ಸಲ ಆಡಬಹುದು. ಎದುರಾಳಿಯ ಕಾಯಿ ಇರುವ ಮನೆಗೆ ನಮ್ಮ ಕಾಯಿ ಬಂದರೆ ಅದನ್ನು ಹೊಡೆದು ಅದರ ಕಟ್ಟೆಗೆ ವಾಪಸು ಕಳಿಸಬಹುದು, ಆದರೆ ಕಟ್ಟೆಮನೆಯಲ್ಲಿ ಕೂತವರನ್ನು ಮುಟ್ಟುವಂತಿಲ್ಲ. ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮ ಹಲವು ಮನೆಗಳಲ್ಲಿದೆ. ಆಟಕ್ಕೆ ಕಾವು ಬರುವುದು ಅದರಿಂದಲೇ, ಹಾಗಾಗಿ ಅದನ್ನು ಇಟ್ಟುಕೊಳ್ಳಿ ಎಂದು ಹೇಳುತ್ತೇನೆ.

ಕವಡೆ ಇಲ್ಲದಿದ್ದರೆ ಕೊಳ್ಳಲು ಹೋಗಬೇಡಿ. ಅಡುಗೆಮನೆಯಲ್ಲಿ ಹುಣಸೆಹಣ್ಣು ಬಿಡಿಸಿದಾಗ ಸಿಕ್ಕ ಬೀಜಗಳಲ್ಲಿ ದಪ್ಪನಾದ ನಾಲ್ಕನ್ನು ಆರಿಸಿ, ತೊಳೆದು ಒಣಗಿಸಿ, ಮಕ್ಕಳ ಕೈಗೆ ಕೊಡಿ. ಒರಟು ನೆಲದ ಮೇಲೋ ಕಲ್ಲಿನ ಮೇಲೋ ಬೀಜದ ಒಂದು ಮಗ್ಗುಲನ್ನು ತಿಕ್ಕುತ್ತಾ ಹೋದರೆ ಕಂದು ಸಿಪ್ಪೆ ಸವೆದು, ಮೊದಲು ಒಂದು ಬಿಳಿ ಚುಕ್ಕೆ ಕಾಣಿಸಿಕೊಂಡು, ನಿಧಾನವಾಗಿ ಆ ಚುಕ್ಕೆ ಅಗಲವಾಗಿ ಇಡೀ ಮಗ್ಗುಲು ಬೆಳ್ಳಗಾಗುತ್ತದೆ. ತಿಕ್ಕುವಾಗ ಬೀಜ ಬಿಸಿಯೇರುತ್ತದೆ. ಅದನ್ನು ಪಕ್ಕದವರ ಮೊಣಕೈಗೆ ಮುಟ್ಟಿಸಿ ಚುರುಕ್ ಎನ್ನಿಸುವ ಕಿತಾಪತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ನಿಮ್ಮ ಮಕ್ಕಳೂ ಅದನ್ನು ಬೇಗನೇ ಕಂಡುಕೊಳ್ಳುತ್ತಾರೆ. ನಾಲ್ಕು ಬೀಜ ತಿಕ್ಕಿ ಸಿದ್ಧಮಾಡುವಷ್ಟರಲ್ಲಿ ಒಂದು ಮಧ್ಯಾಹ್ನ ಮುಗಿದಿರುತ್ತದೆ. ಹಾಗೆ ತಾವೇ ಮಾಡಿಕೊಂಡ ಸಾಮಾನನ್ನು ಮಕ್ಕಳು ಅಂಗಡಿಯಿಂದ ತಂದದ್ದಕ್ಕಿಂತ ಹೆಚ್ಚು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಕಾಯಿಗಳಿಗೆ ಬೇರೆ ಬೇರೆ ಬಣ್ಣದ ಬಳೆಚೂರು, ಕಡಲೆಕಾಳು, ಗುಂಡಿ, ಯಾವುದಾದರೂ ನಡೆಯುತ್ತದೆ.

ಈ ಆಟ ನಾಲ್ವರದು, ನಿಮ್ಮಲ್ಲಿರುವುದು ಆರು ಮಂದಿ ಎಂಬುದು ತೊಡಕಲ್ಲ. ಮೂರು ಜೋಡಿ ಮಾಡಿ, ಪ್ರತಿ ಜೋಡಿಯಲ್ಲೂ ಒಬ್ಬರು ದೊಡ್ಡವರು, ಒಬ್ಬರು ಚಿಕ್ಕವರು ಇರಲಿ. ಚಿಕ್ಕವರು ಬೀಜ ಚೆಲ್ಲಲಿ, ದೊಡ್ಡವರು ಕಾಯಿ ನಡೆಸಲಿ, ಯಾವ ಕಾಯಿ ನಡೆಸಬೇಕೆಂಬುದನ್ನು ಇಬ್ಬರೂ ಸೇರಿ ತೀರ್ಮಾನಿಸಲಿ. ಆರು ವರ್ಷದ ಮಗು ಈ ಪಿಸುಮಾತಿನ ಸಮಾಲೋಚನೆಯಲ್ಲಿ ಕಲಿಯುವ ಲೆಕ್ಕ ಅಬ್ಯಾಕಸ್‌ನ ಲೆಕ್ಕಕ್ಕಿಂತ ಕಡಿಮೆಯದೇನಲ್ಲ ಎಂದು ಹಿರಿಯರಿಗೆ ಧಾರಾಳವಾಗಿ ಹೇಳಬಹುದು. ಹಂಪೆಯ ಮಂಟಪಗಳಲ್ಲಿ ನೆಲದ ಹಾಸುಗಲ್ಲುಗಳ ಮೇಲೆ ಇಂಥ ಆಟಗಳ ಮನೆಗಳನ್ನು ಕೊರೆದಿರುವುದನ್ನು ಇಂದಿಗೂ ನೋಡಬಹುದು. ನಿಮ್ಮ ಊರಿಗೆ ದೂರವಲ್ಲದ ಜಾಗ ಅದು, ಹೋದಾಗ ಮಕ್ಕಳಿಗೆ ಹುಡುಕಲು ಬಿಡಿ. ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಶ್ರೀತತ್ತ್ವನಿಧಿ ಎಂಬ ಗ್ರಂಥದಲ್ಲಿ ಒಂದು ಭಾಗವನ್ನೇ ಆಟಗಳಿಗೆ ಮೀಸಲಿಟ್ಟಿದ್ದಾರೆ. ಅದೇ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ಸಾಂಪ್ರದಾಯಿಕ ಮಣೆಯಾಟಗಳಿಗಾಗಿಯೇ 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನವನ್ನು ಏರ್ಪಡಿಸುತ್ತಾ ಬಂದಿದೆ.

ಅಳಗುಳಿಮಣೆ ಕೂಡ ನಿಮ್ಮ ಮಧ್ಯಾಹ್ನಗಳಿಗೆ ಹೊಂದುತ್ತದೆ. ಕರಾವಳಿಯವರು ಚೆನ್ನೆಮಣೆ ಎನ್ನುವ ಇದರಲ್ಲಿ ಸಾಲಿಗೆ ಏಳರಂತೆ ಎರಡು ಸಾಲು ಗುಳಿಗಳಿರುತ್ತವೆ. ಮರದ ಮಣೆ ಇಲ್ಲದಿದ್ದರೆ ಮೊಟ್ಟೆ ಇಡುವ ರಟ್ಟಿನ ತಟ್ಟೆಯನ್ನು ಕತ್ತರಿಸಿ ಜೋಡಿಸಿಕೊಳ್ಳಬಹುದು, ಇಲ್ಲವೇ ನೆಲದ ಮೇಲೆ ಹದಿನಾಲ್ಕು ವೃತ್ತ ಬರೆದರೂ ಸಾಕು. ಗುಳಿಗೆ ನಾಲ್ಕರಂತೆ ಬೀಜ ತುಂಬಿ, ಒಂದು ಗುಳಿಯದನ್ನು ತೆಗೆದು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತಾ ಹೋಗಬೇಕು. ಕೈ ಖಾಲಿಯಾದಾಗ ಮುಂದಿನ ಗುಳಿಯನ್ನು ಎತ್ತಿಕೊಂಡು ಮುಂದುವರಿಸಬೇಕು. ಆ ಗುಳಿ ಬರಿದಾಗಿದ್ದರೆ ಅದರ ಆಚೆಯ ಗುಳಿಯಲ್ಲಿರುವುದು ನಮ್ಮದಾಗಿ, ಸರದಿ ಎದುರಿನವರಿಗೆ ಹೋಗುತ್ತದೆ. ಇದು ಇಬ್ಬರ ಆಟವಾದ್ದರಿಂದ ಉಳಿದವರಿಗೆ ಐದು ಕಲ್ಲಿನ ಆಟವನ್ನೋ, ಆಡು-ಹುಲಿ ಆಟವನ್ನೋ ಕೊಡಿ. ಆರೂ ಮಂದಿ ಒಟ್ಟಿಗೆ ಕೂರಬೇಕೆಂದರೆ ಚೀಟಿ ಎತ್ತುವ ರಾಜ-ರಾಣಿ-ಕಳ್ಳ-ಪೊಲೀಸ್ ಆಟವಿದೆ. ಆರು ಚೀಟಿಗೆ ಮಂತ್ರಿ, ಸೇನಾಪತಿ ಎಂದು ಇಬ್ಬರನ್ನು ಸೇರಿಸಿಕೊಂಡರಾಯಿತು. ಹೆಸರು-ಊರು-ಪ್ರಾಣಿ-ವಸ್ತು ಬರೆಯುವ ಆಟವನ್ನು ಕನ್ನಡ ಅಕ್ಷರಗಳಲ್ಲಿ ಆಡಿಸಿ ಎಂಬುದು ನನ್ನ ವಿಶೇಷ ಕೋರಿಕೆ. 'ಠ' ಅಕ್ಷರ ಬಂದಾಗ ಮಕ್ಕಳು ಪಡುವ ಪಾಡನ್ನು ನೋಡಿ ದೊಡ್ಡವರೂ ಬಂದು ಸೇರಿಕೊಳ್ಳುತ್ತಾರೆ.

ಸಂಜೆ ಬಿಸಿಲು ಇಳಿದ ಮೇಲೆ ಮಾತ್ರ ಮಕ್ಕಳು ಕೂತೇ ಇರಬಾರದು. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವಂತೆ ಚಟುವಟಿಕೆಯಿಂದಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತಾರಸಿಗೆ ಎದೆಯೆತ್ತರದ ಗೋಡೆ ಇದ್ದರೆ ಮಾತ್ರ ಅಲ್ಲಿಗೆ ಕಳಿಸಿ. ಇಲ್ಲದಿದ್ದರೆ ನಿಮ್ಮ ಮನೆಯ ಕೆಳಗಿನ ಅಂಗಳವೋ, ವಾಹನ ನಿಲ್ಲಿಸುವ ಜಾಗವೋ ಸಾಕು. ಅಷ್ಟೇ ಜಾಗದಲ್ಲಿ ಕೆರೆ-ದಡ ಆಡಬಹುದು: ಒಂದು ಗೆರೆ ಎಳೆದು, ಹೇಳುವವರು 'ಕೆರೆ' ಎಂದರೆ ಗೆರೆಯ ಆಚೆ, 'ದಡ' ಎಂದರೆ ಈಚೆ ಜಿಗಿಯಬೇಕು, 'ದಡ' ಎಂದು ಎರಡು ಸಲ ಹೇಳಿದಾಗ ಮರುಳಾಗಿ ಜಿಗಿದವರು ಔಟು. ಚಿಕ್ಕವರು ದೊಡ್ಡವರನ್ನು ಸಲೀಸಾಗಿ ಸೋಲಿಸಬಲ್ಲ ಕೆಲವೇ ಆಟಗಳಲ್ಲಿ ಇದೊಂದು. ಲಗೋರಿಗೆ ಬಟ್ಟೆ ಸುತ್ತಿದ ಚೆಂಡು ಇರಲಿ. ಚಿನ್ನಿದಾಂಡನ್ನು ಮನೆಗಳ ನಡುವೆ ಆಡಿಸಲೇಬೇಡಿ. ಚಿಮ್ಮಿದ ಚಿನ್ನಿ ಕಣ್ಣಿಗೆ ಬಿದ್ದರೆ ಆಗುವ ಅನಾಹುತ ಸಣ್ಣದಲ್ಲ. ಅದನ್ನೂ ಮರಕೋತಿಯನ್ನೂ ಅಜ್ಜಿಯ ಊರಿಗೆ ಹೋದಾಗ ಆಡಲಿ.

ಉಬ್ಬಸವಿರುವ ಹುಡುಗನ ಬಗ್ಗೆ ಒಂದು ಮಾತು. ಅವನನ್ನು ಎಷ್ಟು ಓಡಲು ಬಿಡಬಹುದು ಎಂಬುದನ್ನು ಅವನ ತಂದೆತಾಯಿಯನ್ನೇ ಕೇಳಿ ತಿಳಿದುಕೊಳ್ಳಿ. ವೈದ್ಯರ ಸಲಹೆಯಂತೆ ಔಷಧಿ ತೆಗೆದುಕೊಂಡು ಉಬ್ಬಸ ಹತೋಟಿಯಲ್ಲಿರುವ ಎಷ್ಟೋ ಮಕ್ಕಳು ಎಲ್ಲರಂತೆ ಆಡುತ್ತಾರೆ. ದಯವಿಟ್ಟು ಅವನನ್ನು ದಿನವೂ ಅಂಕ ಬರೆಯುವವನನ್ನಾಗಿ, ಚಪ್ಪಲಿ ಕಾಯುವವನನ್ನಾಗಿ ಕೂರಿಸಬೇಡಿ. ವಿಷಾಮೃತದಲ್ಲಿ ಮುಟ್ಟಿಸಿಕೊಂಡವರು ನಿಂತಲ್ಲೇ ನಿಲ್ಲಬೇಕು, ಗೆಳೆಯರು ಬಂದು ಬಿಡಿಸುವತನಕ ದಣಿವಾರಿಸಿಕೊಳ್ಳಬಹುದು; ಅಂಥ ಆಟ ಅವನಿಗೆ ಹೊಂದಬಹುದು. ನಿಮ್ಮ ಆರು ವರ್ಷದ ಮಗುವಿಗಾಗಿ ನಮ್ಮ ಬೀದಿಗಳಲ್ಲಿ ಮೊದಲಿನಿಂದಲೂ ಒಂದು ಏರ್ಪಾಡಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಮಗು ಎಲ್ಲರೊಡನೆ ಓಡುತ್ತದೆ, ಅಡಗುತ್ತದೆ, ಸಿಕ್ಕಿಬೀಳುತ್ತದೆ, ಆದರೆ ಕಳ್ಳನಾಗುವುದಿಲ್ಲ. ದೊಡ್ಡ ಮಕ್ಕಳು ಇದನ್ನು ತಾವಾಗಿಯೇ ಮಾಡುತ್ತಾರೆ. ನೀವು ನೋಡಿಕೊಳ್ಳಬೇಕಾದದ್ದು ಇಷ್ಟೇ, ಆಟದ ನಿಯಮಗಳು ತಿಳಿದ ದಿನ ಆ ಮಗುವನ್ನು ಲೆಕ್ಕಕ್ಕೂ ಸೇರಿಸಿಕೊಳ್ಳಬೇಕು.

ಈಗ ಜಗಳ. ನಿಮ್ಮ ಪತ್ರದಲ್ಲಿ ಅತಿ ಹೆಚ್ಚು ಬೇಸರ ಕಂಡದ್ದು ಈ ವಿಷಯದಲ್ಲಿ, ನನಗೆ ಅತಿ ಕಡಿಮೆ ಚಿಂತೆಯಾದದ್ದೂ ಇದರಲ್ಲೇ. ಕುಂಟೆಬಿಲ್ಲೆ ಆಡುವ ಮಕ್ಕಳನ್ನು ಒಮ್ಮೆ ಮಾತಾಡಿಸದೆ ದೂರದಿಂದ ನೋಡಿ. ಒಬ್ಬಳು ಹೆಂಚಿನ ಚೂರನ್ನು ಮನೆಯಿಂದ ಮನೆಗೆ ಕುಂಟುಗಾಲಲ್ಲಿ ತಳ್ಳುತ್ತಾ ಬರುವಾಗ ಅದು ಗೆರೆಯ ಮೇಲೆ ನಿಂತಿತೆಂದು ಇನ್ನೊಬ್ಬಳು ಕೂಗುತ್ತಾಳೆ. ಆಡುತ್ತಿದ್ದವಳು ಎತ್ತಿದ ಕಾಲನ್ನು ಇಳಿಸದೆಯೇ 'ಇಲ್ಲ' ಎನ್ನುತ್ತಾಳೆ. ಎಲ್ಲರೂ ಮಂಡಿಯೂರಿ ಬಿಲ್ಲೆಯ ಅಂಚನ್ನೂ, ಅಳಿಸಿಹೋದ ಸುಣ್ಣದ ಗೆರೆಯನ್ನೂ ಪರೀಕ್ಷಿಸುತ್ತಾರೆ. ಒಬ್ಬ ನಿನ್ನೆಯ ತೀರ್ಪನ್ನು ನೆನಪಿಸುತ್ತಾನೆ, ಇನ್ನೊಬ್ಬ ಆಣೆ ಹಾಕಿಸುತ್ತಾನೆ, ಕೊನೆಗೆ 'ಇದೊಂದು ಸಲ ಮತ್ತೆ ಆಡಲಿ' ಎಂದು ರಾಜಿಯಾಗುತ್ತದೆ. ಹೊರಗಿನಿಂದ ಗಲಾಟೆಯಂತೆ ಕೇಳುವ ಈ ಐದು ನಿಮಿಷದಲ್ಲಿ ಸಾಕ್ಷಿ, ವಾದ, ತೀರ್ಪು ಎಲ್ಲವೂ ನಡೆದುಹೋಗಿರುತ್ತದೆ. ನೀವು ಮೊದಲ ಕೂಗಿಗೇ ಓಡಿಬಂದು ತೀರ್ಪು ಕೊಟ್ಟರೆ ಮಕ್ಕಳು ತಮ್ಮೊಳಗೆ ಮಾತಾಡಿಕೊಳ್ಳುವುದನ್ನು ಬಿಟ್ಟು ನಿಮಗೆ ದೂರು ಹೇಳುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಠೂ ಬಿಟ್ಟವರು ಮರುದಿನ ಸೇರಿಕೊಳ್ಳುವುದಕ್ಕೆ ದೊಡ್ಡವರ ಸಂಧಾನ ಬೇಕಾಗುವುದಿಲ್ಲ.

ಆದರೆ ಮೂರು ಸಂದರ್ಭಗಳಲ್ಲಿ ನೀವು ಎದ್ದು ಹೋಗಲೇಬೇಕು. ಕೈ ಎತ್ತಿದಾಗ, ಒಂದೇ ಮಗುವನ್ನು ದಿನವೂ ಕಳ್ಳನನ್ನಾಗಿ ಮಾಡುತ್ತಿದ್ದಾಗ, ಮತ್ತು ಬಣ್ಣ, ಬಟ್ಟೆ, ಜಾತಿ, ಮಾತಿನ ಉಚ್ಚಾರಣೆ ಇತ್ಯಾದಿಗಳ ನೆಪದಲ್ಲಿ ಯಾರನ್ನಾದರೂ ಆಟಕ್ಕೆ ಸೇರಿಸುವುದಿಲ್ಲ ಎಂದಾಗ. ಮೂರನೆಯದಕ್ಕೆ ರಾಜಿ ಇಲ್ಲ, ಎಲ್ಲರೂ ಇದ್ದರೆ ಆಟ, ಇಲ್ಲದಿದ್ದರೆ ಆ ಹೊತ್ತಿಗೆ ಆಟವೇ ಇಲ್ಲ ಎಂದು ಸ್ಪಷ್ಟವಾಗಿ ಹೇಳಿ. ಉಳಿದ ಎಷ್ಟೋ ಜಗಳಗಳು ನಿಯಮವನ್ನು ಮೊದಲೇ ಮಾತಾಡಿಕೊಳ್ಳದಿರುವುದರಿಂದ ಹುಟ್ಟುತ್ತವೆ. ಬೇರೆ ಬೇರೆ ಮನೆಗಳಿಂದ ಬಂದ ಮಕ್ಕಳು ಒಂದೇ ಆಟವನ್ನು ಬೇರೆ ಬೇರೆ ರೀತಿಯಲ್ಲಿ ಕಲಿತಿರುತ್ತಾರೆ. ಆದ್ದರಿಂದ ಶುರುಮಾಡುವ ಮುನ್ನ 'ಗೆರೆ ಮುಟ್ಟಿದರೆ ಔಟಾ, ಇಲ್ಲವಾ' ಎಂದು ಅವರವರೇ ತೀರ್ಮಾನಿಸಿಕೊಳ್ಳುವ ಅಭ್ಯಾಸ ಮಾಡಿಸಿ.

ಮೊಬೈಲಿನ ಬಗ್ಗೆ ನಿಮಗೆ ಉಪದೇಶದ ಅಗತ್ಯವಿಲ್ಲ. ಆಟದ ಹೊತ್ತಿನಲ್ಲಿ ಮನೆಯ ಎಲ್ಲ ಫೋನುಗಳೂ, ನಿಮ್ಮದೂ ಸೇರಿ, ಒಂದೇ ಕಪಾಟಿನ ಮೇಲೆ ಇರಲಿ. ಜಗಳವಾಗಿ ಎದ್ದುಬಂದ ಮಗು ಸ್ವಲ್ಪ ಹೊತ್ತು ಏನೂ ಮಾಡದೆ ಬಾಗಿಲಲ್ಲಿ ಕೂತಿರಲಿ, ಬೇಜಾರಾಗಲಿ. ಆ ಬೇಜಾರೇ ಅದನ್ನು ಮತ್ತೆ ಎಬ್ಬಿಸಿ ಆಟಕ್ಕೆ ಕಳಿಸುತ್ತದೆ. ಫೋನು ಕೊಟ್ಟು ಸಮಾಧಾನ ಮಾಡಿದರೆ ಹಿಂದಿರುಗುವ ಕಾರಣವೇ ಇರುವುದಿಲ್ಲ.

ಕಡೆಯದಾಗಿ ಒಂದು ಕೋರಿಕೆ. ನಿಮ್ಮ ಮನೆಯ ಹಿರಿಯರು ಚೌಕಾಬಾರವನ್ನೋ ಅಳಗುಳಿಮಣೆಯನ್ನೋ ನಾನು ಬರೆದದ್ದಕ್ಕಿಂತ ಬೇರೆ ನಿಯಮಗಳಲ್ಲಿ ಆಡಿದ್ದರೆ, ಅದನ್ನು ನಿಮ್ಮ ಹನ್ನೊಂದು ವರ್ಷದ ಮಗುವಿನ ಕೈಯಲ್ಲೇ ಬರೆಸಿ, ಮನೆಗಳ ಚಿತ್ರ ಹಾಕಿಸಿ, ನಮಗೆ ಕಳುಹಿಸಿ. ಬೇರೆ ಜಿಲ್ಲೆಗಳ ಓದುಗರಿಗೂ ಇದೇ ಕೋರಿಕೆ. ಬಂದವುಗಳನ್ನು ಮಕ್ಕಳ ಪುಟದಲ್ಲಿ, ಬರೆದ ಮಗುವಿನ ಊರಿನ ಹೆಸರಿನೊಂದಿಗೆ, ಶಾಲೆ ಶುರುವಾಗುವುದರೊಳಗೆ ಪ್ರಕಟಿಸುತ್ತೇವೆ.

— ಸಂಪಾದಕ