ಬೆರಿಲಿಯಮ್ ಬೇಲೂರಿನದೇ?

ಓದುಗರ ಪತ್ರ: ‘ಬೆರಿಲಿಯಮ್ ಧಾತುವಿನ ಹೆಸರು ನಮ್ಮ ಬೇಲೂರಿನಿಂದ ಬಂದದ್ದಂತೆ. ಇಂಥ ಹೆಮ್ಮೆಯ ವಿಷಯ ನಿಮ್ಮ ಪತ್ರಿಕೆಯ ಕಣ್ಣಿಗೆ ಬೀಳಲಿಲ್ಲವೇ?’ — ಬೇಲೂರಿನ ಓದುಗರು

ಸಂಪಾದಕರ ಉತ್ತರ: ಬಿದ್ದಿದೆ, ಸ್ವಾಮಿ. ಕೆಲವು ನಿಘಂಟುಗಳೂ ಈ ಊಹೆ ಮಾಡಿವೆ, ಇಲ್ಲವೆನ್ನಲಾರೆ. ಆದರೆ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಧಾತುವಿಗೆ ಹೆಸರು ಕೊಟ್ಟ ಬೆರಿಲ್ ಹರಳು ಭಾರತದ್ದು, ಬೇರೆಡೆ ಅಪರೂಪ ಎಂದು ರೋಮಿನ ಪ್ಲಿನಿ ಬರೆದದ್ದು ಅದಕ್ಕೂ ಸಾವಿರ ವರ್ಷ ಮುಂಚೆ. ಊರ ಮೇಲಿನ ಪ್ರೀತಿಯೇ ಪುರಾವೆಯಾಗುವುದಿಲ್ಲವಲ್ಲ!

ನನ್ನ ಹೊಟ್ಟೆಯುರಿ ಬೇರೆ. ನಿಘಂಟು ತೆರೆದರೆ ಲ್ಯಾಟಿನ್, ಗ್ರೀಕಿನ ‘ಬೇರಿಲ್ಲೊಸ್’, ಪ್ರಾಕೃತದ ‘ವೇಳುರಿಯ’, ಸಂಸ್ಕೃತದ ‘ವೈಡೂರ್ಯ’ — ಅಲ್ಲಿಗೆ ಗಾಡಿ ನಿಂತುಬಿಡುತ್ತದೆ. ಸಂಸ್ಕೃತದವರಲ್ಲೇ ಈ ಬಗ್ಗೆ ತಕರಾರಿತ್ತು. ವೈಯಾಕರಣಿ ಪಾಣಿನಿ ‘ವಿದೂರ’ ಎಂಬ ಸ್ಥಳದಿಂದ ‘ವೈಡೂರ್ಯ’ ಪದವನ್ನು ಸಾಧಿಸಿದರೆ, ಪತಂಜಲಿ ತಡೆದು, ಕಲ್ಲು ಸಿಗುವುದು ವಾಲವಾಯದಲ್ಲಿ, ವಿದೂರದಲ್ಲಿ ಅದಕ್ಕೆ ಸಂಸ್ಕಾರವಷ್ಟೇ ಎಂಬ ಚರ್ಚೆ ಎತ್ತಿದ. ದ್ರಾವಿಡದಲ್ಲಿ ‘ವೆಳ್’ ಎಂದರೆ ಬಿಳುಪು, ಹೊಳಪು. ತಮಿಳಿನ ವೆಳ್ಳಿ ನಮ್ಮಲ್ಲಿ ಬೆಳ್ಳಿ. ವೇಳುರಿಯದ ಬೇರು ಇಲ್ಲಿದೆ ಎನ್ನುವ ಭಾಷಾವಿಜ್ಞಾನಿಗಳಿದ್ದಾರೆ. ನನ್ನ ಓಟು ಅವರಿಗೇ.

ಏಕೆಂದರೆ ಕಲ್ಲು ಸಿಗುತ್ತಿದ್ದದ್ದೇ ಈ ಕಡೆ. ತಮಿಳುನಾಡಿನ ಕಾಂಗೇಯಂ ಬಳಿಯ ಪಡಿಯೂರಿನಲ್ಲಿ ಬೆರಿಲ್ ಗಣಿಗಳಿದ್ದವು. ಎರಡನೆಯ ಶತಮಾನದ ಭೂಗೋಳಜ್ಞ ಟಾಲೆಮಿ ‘ಪೌನ್ನಾಟ’ ಎಂಬ ಊರನ್ನು ಹೆಸರಿಸಿ, ಅಲ್ಲಿ ಬೆರಿಲ್ ಇದೆ ಎನ್ನುತ್ತಾನೆ. ಅದು ಕಬಿನಿ ದಂಡೆಯ ಪುನ್ನಾಡು ಎಂಬುದು ಹಲವು ವಿದ್ವಾಂಸರ ಮತ. ಅದರ ರಾಜಧಾನಿ ಕೀರ್ತಿಪುರ, ಅಂದರೆ ಹೆಗ್ಗಡದೇವನಕೋಟೆ ಸೀಮೆಯ ಕಿತ್ತೂರು. ಹೆಮ್ಮೆಪಡಲೇಬೇಕಿದ್ದರೆ ಅತ್ತ ತಿರುಗಿ ನೋಡಿ!

1798ರಲ್ಲಿ ಫ್ರಾನ್ಸಿನ ವೋಕ್ಲಾಂ ಬೆರಿಲ್ ಮತ್ತು ಪಚ್ಚೆಯಲ್ಲಿ ಹೊಸ ಧಾತುವಿನ ಆಕ್ಸೈಡನ್ನು ಕಂಡ. ಲವಣ ಸಿಹಿ ಎಂದು ಅದಕ್ಕೆ ‘ಗ್ಲೂಸಿನಿಯಮ್’ ಹೆಸರೂ ಬಂತು. ಫ್ರೆಂಚರು ಬಹುಕಾಲ ಅದನ್ನೇ ಹಿಡಿದುಕೊಂಡಿದ್ದರು. (ವಿಷ ಅದು, ನೆಕ್ಕಿ ನೋಡಬೇಡಿ.) ಕೊನೆಗೆ 1949ರಲ್ಲಿ ಬೆರಿಲಿಯಮ್ಮೇ ಗೆದ್ದಿತು. ಜರ್ಮನರು ಕನ್ನಡಕವನ್ನು ‘ಬ್ರಿಲೆ’ ಎನ್ನುವುದೂ ಬೆರಿಲ್‌ನಿಂದಲೇ. ಈಗ ಬಾಹ್ಯಾಕಾಶದಲ್ಲಿರುವ ಜೇಮ್ಸ್ ವೆಬ್ ದೂರದರ್ಶಕದ 18 ಕನ್ನಡಿ ತುಂಡುಗಳೂ ಬೆರಿಲಿಯಮ್ಮಿನವು.

ಇಷ್ಟೆಲ್ಲ ಇದ್ದೂ ನಮ್ಮ ಮಕ್ಕಳು ಉರು ಹೊಡೆಯುವುದು ‘ಬೆರಿಲಿಯಮ್, ಪರಮಾಣು ಸಂಖ್ಯೆ 4’ ಎಂದಷ್ಟೇ. ಕನ್ನಡದ ಮೇಷ್ಟ್ರು ರಸಾಯನಶಾಸ್ತ್ರ ತನಗಲ್ಲ ಎನ್ನುತ್ತಾರೆ, ರಸಾಯನಶಾಸ್ತ್ರದವರು ಶಾಸನ ತಮಗಲ್ಲ ಎನ್ನುತ್ತಾರೆ. ಒಂದೇ ಕಾಲೇಜು, ಒಂದೇ ಕ್ಯಾಂಟೀನು! ಪಠ್ಯಪುಸ್ತಕ ಸಮಿತಿಯಲ್ಲಿ ನಿಮಗೆ ಯಾರಾದರೂ ಪರಿಚಯವಿದ್ದರೆ ಈ ಸಂಚಿಕೆಯ ಒಂದು ಪ್ರತಿ ಅವರಿಗೆ ತಲುಪಿಸಿ. ಅಂಚೆ ವೆಚ್ಚ ನಮ್ಮದು.